ಅತ್ತೆಗೆ ಹದಿಮೂರು, ಶುಕ್ರವಾರಕ್ಕೆ ಒಂಬತ್ತು

ಮನುಷ್ಯನಿಗೆ ಒಂದು ಹುಚ್ಚು ಇದ್ದರೆ ಸಂಸಾರ ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಫಾಯಿಕನ ಹುಚ್ಚಿಗೆ ನಾಲ್ಕು ಚಕ್ರಗಳಿದ್ದವು. ಅದು ಹೊಟ್ಟೆಗೆ ಹಾಕಿಕೊಳ್ಳುವ ಗಾತ್ರದ್ದಾಗಿರಲಿಲ್ಲ.

ಅಮ್ಮಾನಿನಿಂದ ಮೃತಸಮುದ್ರದ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ರೇಸ್ ಮೈದಾನವಿದೆ. ತಿಂಗಳಿಗೊಂದು ಶುಕ್ರವಾರ ಅದರ ಗೇಟು ಸಾಮಾನ್ಯ ಜನರಿಗೂ ತೆರೆಯುತ್ತಿತ್ತು. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಮೊಬೈಲ್ ಅಂಗಡಿಯವರು ತಮ್ಮ ತಮ್ಮ ಕಾರು ತಂದು, ಎಂಟು ಸುತ್ತು ಹೊಡೆದು, ಹೆಲ್ಮೆಟ್ ಕಳಚಿ, ಯುದ್ಧ ಗೆದ್ದವರಂತೆ ನೀರು ಕುಡಿಯುತ್ತಿದ್ದರು. ನಗರಪಾಲಿಕೆಯ ರಸ್ತೆ ವಿಭಾಗದ ಗುಮಾಸ್ತ ಫಾಯಿಕನೂ ಅವರಲ್ಲೊಬ್ಬ. ವಾರದ ಐದು ದಿನ ಬೇರೆಯವರ ಅರ್ಜಿಗೆ ಮೊಹರು ಒತ್ತುವ ಈ ಮನುಷ್ಯ ಆ ಎಂಟು ಸುತ್ತಿನಲ್ಲಿ ಮಾತ್ರ ಯಾರ ಮೊಹರೂ ಇಲ್ಲದೆ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದ.

ಕಾರಿಗೆ ಹದಿನೆಂಟು ವರ್ಷ. ಮೈದಾನದ ತಿರುವುಗಳಲ್ಲಿ ಅದು ನೆಲಕ್ಕೆ ಅಂಟಿಕೊಳ್ಳಲಿ ಎಂದು ಫಾಯಿಕ್ ಅದರ ಸ್ಪ್ರಿಂಗುಗಳನ್ನು ಒಂದೂವರೆ ಸುತ್ತು ಕತ್ತರಿಸಿದ್ದ. ಕಾರು ಜಿಗಣೆಯಂತೆ ಅಂಟಿಕೊಂಡಿತು, ನಿಜ. ಆದರೆ ಊರೊಳಗೆ ಬಂದಾಗ ರಸ್ತೆಯ ಪ್ರತಿಯೊಂದು ಕಲ್ಲೂ ತನ್ನ ವರದಿಯನ್ನು ನೇರವಾಗಿ ಕೂತವರ ಬೆನ್ನುಮೂಳೆಗೆ ಒಪ್ಪಿಸತೊಡಗಿತು.

ಆ ಬೆನ್ನುಮೂಳೆ ಅವನ ಅತ್ತೆ ಹಾಜ್ಜಾ ಫಿದ್ದಾ ಅವರದು. ಕಳೆದ ಚಳಿಗಾಲದಲ್ಲಷ್ಟೇ ಆಪರೇಷನ್ ಆಗಿತ್ತು. ಸೋಮವಾರ ಮತ್ತು ಗುರುವಾರ ಸಂಜೆ ನಾಲ್ಕಕ್ಕೆ ವ್ಯಾಯಾಮದ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗಬೇಕು. ಟ್ಯಾಕ್ಸಿ ಕರೆಯೋಣವೆಂದು ಎಲ್ಲರೂ ಅಂದಾಗ "ನನ್ನ ಕಾರಿರುವಾಗ ಟ್ಯಾಕ್ಸಿಯೇ?" ಎಂದು ಎದೆ ತಟ್ಟಿಕೊಂಡವನು ಫಾಯಿಕನೇ.

ಹೆಂಡತಿ ಇಬ್ತಿಸಾಮ್ ಶಾಲೆಯಲ್ಲಿ ಗಣಿತ ಹೇಳುವವಳು. ಒಂದು ಗುರುವಾರ ಆಸ್ಪತ್ರೆಯಿಂದ ಬಂದು ತಾಯಿಯನ್ನು ಮಲಗಿಸಿ, ಅಡುಗೆಮನೆಗೆ ಗಂಡನನ್ನು ಕರೆದಳು.

"ನೋಡ್ರೀ, ಅಮ್ಮ ಹೋಗ್ತಾ ಬರ್ತಾ ನಲವತ್ತೊಂದು ಸಲ 'ಅಯ್ಯೋ' ಅಂದ್ರು. ನಾನು ಎಣಿಸ್ದೆ."

"ಸೋಮವಾರ ನಲವತ್ತಾರಿತ್ತು" ಎಂದ ಫಾಯಿಕ್, ಪ್ರಗತಿ ವರದಿ ಓದುವವನಂತೆ.

"ಈ ತಿಂಗಳ ಕೊನೇ ಗುರುವಾರ ಸೊನ್ನೆ ಆಗ್ಬೇಕು. ಅವತ್ತು ಒಂದೇ ಒಂದು ಅಯ್ಯೋ ಕೇಳ್ಲಿ, ಮಾರನೇ ದಿನ ಕಾರು ನನ್ನ ತಮ್ಮ ಹೇಳಿರೋ ಗಿರಾಕಿಗೆ."

"ಮಾರನೇ ದಿನ ಶುಕ್ರವಾರ. ಮೈದಾನ ಇದೆ."

"ಅದಕ್ಕೇ" ಎಂದಳು ಇಬ್ತಿಸಾಮ್.

ಫಾಯಿಕ್ ಬಯಾದರಿನ ಗ್ಯಾರೇಜು ಬೀದಿಗೆ, ಮೆಕ್ಯಾನಿಕ್ ಹಗೋಪನ ಹತ್ತಿರ ಓಡಿದ. ಹಗೋಪ್ ಅರ್ಮೇನಿಯದವರ ಪೈಕಿ. ತಾತನ ಕಾಲದಿಂದ ಅಮ್ಮಾನಿನ ಕಾರುಗಳ ಹೊಟ್ಟೆ ನೋಡಿಕೊಂಡೇ ಬಂದ ಮನೆತನ. ಕಾರನ್ನು ಮೇಲೆತ್ತಿ, ಕತ್ತರಿಸಿದ ಸ್ಪ್ರಿಂಗು ನೋಡಿ, ಹೆಣ ನೋಡಿದವನಂತೆ ಟೋಪಿ ತೆಗೆದ.

"ಯಾರು ಮಾಡಿದ್ದು ಇದು?"

"ಯಾರೋ ಒಬ್ಬ" ಎಂದ ಫಾಯಿಕ್. "ಈಗ ಏರಿಸಿ ಇಳಿಸೋ ಸಸ್ಪೆನ್ಷನ್ ಬೇಕು, ಉಸ್ತಾದ್. ರೇಸಿಗೂ ಆಗ್ಬೇಕು, ಮನೆಗೂ ಆಗ್ಬೇಕು."

"ತಿಂಗಳಿಗೆ ಎಷ್ಟು ದಿನ ರೇಸು?"

"ಒಂದು ಶುಕ್ರವಾರ."

"ಮಿಕ್ಕಿದ್ದು?"

"ಅತ್ತೆ."

ಹಗೋಪ್ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತ. "ಹಾಗಾದ್ರೆ ಕೇಳು ಹಬೀಬಿ. ಇಲ್ಲಿಗೆ ಬರೋರೆಲ್ಲ ರೇಸಿಗೆ ಅಂತ ಗಟ್ಟಿ ಸ್ಪ್ರಿಂಗ್ ತಗೊಂಡು, ಮನೆಗೆ ಸಡಿಲ ಮಾಡ್ಕೋತೀನಿ ಅಂತಾರೆ. ಅವರೆಲ್ಲ ಈಗ ಬಸ್ಸಲ್ಲಿ ಓಡಾಡ್ತಿದ್ದಾರೆ. ಸ್ಪ್ರಿಂಗ್ ಅನ್ನೋದು ಹುಟ್ಟುಗುಣ. ಈ ತಿರುಪು ಇದೆಯಲ್ಲ, ಇದು ಬರೀ ಮಾತು. ಮಾತು ಮೆತ್ತಗೆ ಮಾಡಿದ್ರೆ ಗುಣ ಬದಲಾಗುತ್ತಾ? ಅತ್ತೆ ಬೆನ್ನಿಗೆ ಹೊಂದೋ ಸ್ಪ್ರಿಂಗ್ ಹಾಕ್ಕೋ. ಶುಕ್ರವಾರ ತಿರುಪನ್ನ ಬಿಗಿ ಮಾಡ್ಕೊಂಡು ಓಡಿಸು. ಒಂದೊಂದು ಸುತ್ತಿಗೆ ಎರಡು ಸೆಕೆಂಡ್ ಹೋಗುತ್ತೆ. ಮನೆ ಉಳಿಯುತ್ತೆ."

ಎರಡು ಸೆಕೆಂಡು! ಫಾಯಿಕನ ಕಣ್ಣಲ್ಲಿ ನೀರಾಡಿತು. ಆದರೂ ಒಪ್ಪಿದ. ಹಗೋಪ್ ಮೆತ್ತನೆಯ ಹೊಸ ಸ್ಪ್ರಿಂಗು, ಹೊಸ ಶಾಕ್‌ಗಳನ್ನು ಹಾಕಿ ಪಾಠ ಹೇಳಿಕೊಟ್ಟ. ಚಕ್ರಕ್ಕೊಂದು ತಿರುಪು, ತಿರುಪಿಗೆ ಇಪ್ಪತ್ತನಾಲ್ಕು ಟಿಕ್. ಬಿಗಿ ಬೇಕಾದರೆ ಬಲಕ್ಕೆ, ಮೆತ್ತಗೆ ಬೇಕಾದರೆ ಎಡಕ್ಕೆ. ಸ್ಪ್ರಿಂಗಿನ ಕೆಳಗಿನ ಬಳೆ ತಿರುಗಿಸಿದರೆ ಕಾರು ಏರುತ್ತದೆ, ಇಳಿಯುತ್ತದೆ.

"ಆದ್ರೆ ಎತ್ತರ ಒಂದ್ಸಲ ಇಟ್ಟು ಮರೆತುಬಿಡು. ದಿನಾ ಬಳೆ ತಿರುಗಿಸ್ತಾ ಕೂತ್ಕೋಬೇಡ. ಆಯ್ತಾ?"

"ಆಯ್ತು" ಎಂದ ಫಾಯಿಕ್. ಗುಮಾಸ್ತನ ಕೈಗೆ ಏರಿಸಿ ಇಳಿಸುವ ಬಳೆ ಕೊಟ್ಟು ಮರೆತುಬಿಡು ಎನ್ನುವುದೂ ಒಂದೇ, ಬೆಕ್ಕಿನ ಮುಂದೆ ಮೀನಿಟ್ಟು ಧ್ಯಾನ ಮಾಡು ಎನ್ನುವುದೂ ಒಂದೇ.

ಮಾರನೆಯ ದಿನದಿಂದ ಸರ್ವ್ ಗುಡ್ಡದಲ್ಲಿ ಫಾಯಿಕನ ಮನೆಯಿದ್ದ ಇಳಿಜಾರು ಬೀದಿಯಲ್ಲಿ ಒಂದು ಹೊಸ ದೃಶ್ಯ ಶುರುವಾಯಿತು. ಕಚೇರಿಯಿಂದ ಬಂದೊಡನೆ ಫಾಯಿಕ್ ಜಾಕಿ ಹಾಕುವನು, ಬಳೆ ತಿರುಗಿಸುವನು, ಜಾಕಿ ತೆಗೆಯುವನು. ಆಮೇಲೆ ರಸ್ತೆಗೆ ಕೆನ್ನೆಯಿಟ್ಟು ಮಲಗಿ, ನೆಲಕ್ಕೂ ಕಾರಿನ ಹೊಟ್ಟೆಗೂ ನಡುವೆ ಎಷ್ಟು ಅಂತರವಿದೆಯೆಂದು ಟೇಪು ಹಿಡಿದು ಅಳೆಯುವನು. ಅಂಗಿ ಕೊಳೆಯಾದರೆ ಇಬ್ತಿಸಾಮ್ ಬೈಯುತ್ತಾಳೆಂದು ಡಿಕ್ಕಿಯಲ್ಲಿ ಬಿದ್ದಿದ್ದ ಕಚೇರಿಯ ಹಳದಿ ಜಾಕೀಟನ್ನು ಹಾಕಿಕೊಂಡಿದ್ದ. ಅಂಕಿ ಬರೆದುಕೊಳ್ಳಲು ಮುದ್ರೆಯಿರುವ ಕಚೇರಿಯ ಪುಸ್ತಕ.

ಒಬ್ಬ ಮನುಷ್ಯ ತನ್ನ ಕಾರಿನ ಪಕ್ಕದಲ್ಲಿ ಮಲಗಿದರೆ ಅದು ಅವನ ಸ್ವಂತ ವಿಷಯ. ರಸ್ತೆ ವಿಭಾಗದವನು ಹಳದಿ ಜಾಕೀಟು ತೊಟ್ಟು ರಸ್ತೆ ಅಳೆದು ಬರೆದುಕೊಂಡರೆ ಅದು ಊರಿನ ವಿಷಯ. ಗ್ಯಾಸ್ ಸಿಲಿಂಡರಿನ ಲಾರಿ ದಿನಾ ಸಂಗೀತ ಹಾಕಿಕೊಂಡು ಆ ಇಳಿಜಾರಿನಲ್ಲಿ ಹಾರಿಕೊಂಡು ಬರುತ್ತಿತ್ತು. ಅದನ್ನು ತಡೆಯಲು ಒಂದು ಹಂಪು ಹಾಕಿಸಿ ಎಂದು ಬೀದಿಯವರು ಅರ್ಜಿ ಕೊಟ್ಟು ನಾಲ್ಕು ವರ್ಷವಾಗಿತ್ತು.

ಮೊದಲು ಹತ್ತಿರ ಬಂದವನು ಎದುರುಮನೆಯ ನಿವೃತ್ತ ಸಾರ್ಜೆಂಟ್ ಅಬೂ ಸತ್ತಾಮ್. ಬೀದಿಯವರ ಬಾಯಲ್ಲಿ ಫಾಯಿಕ್ ಅಬೂ ರಾಮಿ, ಎಂದರೆ ರಾಮಿಯ ಅಪ್ಪ.

"ಕೈಗೆ ಬಲ ಬರ್ಲಿ, ಅಬೂ ರಾಮಿ. ಎಷ್ಟು ಬಂತು?"

"ಹನ್ನೊಂದು ಸೆಂಟಿಮೀಟರ್" ಎಂದ ಫಾಯಿಕ್ ಕಾರಿನಡಿಯಿಂದಲೇ. "ಸಾಲದು. ಹದಿಮೂರಕ್ಕೆ ಏರಿಸ್ಬೇಕು ಅಂತಿದ್ದೀನಿ."

"ಹದಿಮೂರು!" ಅಬೂ ಸತ್ತಾಮ್ ಎರಡೂ ಕೈ ಮೇಲೆತ್ತಿದ. "ಅಲ್ಲಾ ನಿನಗೆ ಆಯಸ್ಸು ಕೊಡ್ಲಿ. ಅಷ್ಟು ಎತ್ತರ ನಮ್ಮ ಭಾಗ್ಯದಲ್ಲಿ ಇದೆಯಾ?"

"ಅತ್ತೆಗೋಸ್ಕರ ಕಣಯ್ಯಾ. ದಿನಾ ಹದಿಮೂರು. ಶುಕ್ರವಾರ ಮಾತ್ರ ಒಂಬತ್ತಕ್ಕೆ ಇಳಿಸ್ತೀನಿ."

"ಇಳಿಸ್ತೀಯಾ? ಅದು ಇಳಿಯುತ್ತಾ?"

"ಈಗಿನದೆಲ್ಲ ಹಂಗೇ. ಬಳೆ ತಿರುಗಿಸಿದ್ರೆ ಆಯ್ತು."

ಅಬೂ ಸತ್ತಾಮ್ ಸೀದಾ ಮೂಲೆಯ ದಿನಸಿ ಅಂಗಡಿಗೆ ಹೋಗಿ ಅಬೂ ದೀಬನಿಗೆ ಹೇಳಿದ: ಬೀದಿಗೆ ಹಂಪು ಬರುತ್ತಿದೆ, ಹದಿಮೂರು ಸೆಂಟಿಮೀಟರು, ಶುಕ್ರವಾರ ನಮಾಜಿನ ಗದ್ದಲಕ್ಕೆ ಅನುಕೂಲವಾಗಲೆಂದು ಅದು ತಾನಾಗಿ ಒಂಬತ್ತಕ್ಕೆ ಇಳಿಯುತ್ತದೆ. ಜಪಾನಿನದಿರಬೇಕು.

ಅಂದು ರಾತ್ರಿಯೂಟಕ್ಕೆ ಫಾಯಿಕನ ಮನೆಗೆ ದ್ರಾಕ್ಷಿ ಎಲೆಯ ದೋಲ್ಮಾ ಬಂತು. ಮರುದಿನ ಮಕ್ಲೂಬಾ ಎಂಬ ಮಾಂಸದನ್ನ, ಅದರ ಮರುದಿನ ತಟ್ಟೆ ತುಂಬ ಕುನಾಫಾ ಸಿಹಿ.

"ಯಾಕ್ರೀ ಇವೆಲ್ಲ?" ಎಂದಳು ಇಬ್ತಿಸಾಮ್.

"ಅಮ್ಮನ ಬೆನ್ನು ನೋವಿಗೆ ಮರುಗ್ತಿದ್ದಾರೆ. ಒಳ್ಳೇ ಜನ" ಎಂದ ಫಾಯಿಕ್, ಬೆರಳು ನೆಕ್ಕುತ್ತ.

"ಬೆನ್ನು ನೋವಿಗೆ ಕುನಾಫಾ ಯಾವೋನು ಕೊಡ್ತಾನೆ?" ಎಂದರು ಹಾಜ್ಜಾ ಫಿದ್ದಾ ಒಳಕೋಣೆಯಿಂದ. "ಆದ್ರೂ ಇನ್ನೊಂದು ತುಂಡು ಕಳ್ಸು."

ಒಳ್ಳೆಯ ಜನರ ನಡುವೆ ಒಬ್ಬನ ಮೇಲೆ ಮಾತ್ರ ಫಾಯಿಕನಿಗೆ ಮುನಿಸು. ಅಬೂ ದೀಬನ ಸೌತೆಕಾಯಿ ಪಿಕಪ್ಪು ಒಂದು ದಿನ ರಿವರ್ಸ್ ಬರುವಾಗ ಫಾಯಿಕನ ಕಾರಿನ ಬಂಪರನ್ನು ಒಂದು ಗೇಣಿನಷ್ಟು ಗೀರಿತ್ತು. ಅಬೂ ದೀಬ್ ಇಳಿದು ನೋಡಿ, ಎಂಜಲು ಹಚ್ಚಿ ಉಜ್ಜಿ, ಹೋಗದಿದ್ದಾಗ ಸುಮ್ಮನೆ ಹೊರಟುಹೋಗಿದ್ದ. ಫಾಯಿಕ್ ಕಿಟಕಿಯಿಂದ ನೋಡಿದ್ದ. ಕ್ಷಮೆ ಕೇಳಲಿ ಎಂದು ಕಾಯುತ್ತಿದ್ದ.

ಹಾಗಾಗಿ ಆ ಭಾನುವಾರ ಸಂಜೆ ಬಾಗಿಲು ತೆರೆದಾಗ, ಹನ್ನೊಂದು ಜನ ಬಿಳಿ ರುಮಾಲು ಸುತ್ತಿ, ನಡುಬೇಸಿಗೆಯಲ್ಲೂ ಉಣ್ಣೆಯ ನಿಲುವಂಗಿ ಹೊದ್ದು, ಬೀದಿಯ ಹಿರಿಯ ಹಾಜಿ ಮಿತ್ಕಾಲನನ್ನು ಮುಂದಿಟ್ಟುಕೊಂಡು ನಿಂತಿದ್ದನ್ನು, ಹಿಂದಿನ ಸಾಲಿನಲ್ಲಿ ಅಬೂ ದೀಬ್ ತಲೆ ತಗ್ಗಿಸಿದ್ದನ್ನು ನೋಡಿ ಅವನಿಗೆ ಎಲ್ಲವೂ ಅರ್ಥವಾಯಿತು. ಅಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು. ಹೆಣ್ಣು ಕೇಳಲು, ಕೊಲೆಗೆ ಕ್ಷಮೆ ಕೇಳಲು ಬರುವಂಥ ಹಿರಿಯರ ದಂಡು ಒಂದು ಗೀರಿಗಾಗಿ ತನ್ನ ಮನೆಗೆ ಬಂದಿದೆ! ಫಾಯಿಕನ ಎದೆ ಹದಿಮೂರು ಸೆಂಟಿಮೀಟರ್ ಉಬ್ಬಿತು.

ಎಲ್ಲರನ್ನೂ ಕೂರಿಸಿ ಕಾಫಿ ಬಗ್ಗಿಸಿದ. ಹಾಜಿ ಮಿತ್ಕಾಲ್ ತನ್ನ ಬಟ್ಟಲನ್ನು ಮುಟ್ಟದೆ ಮುಂದಿಟ್ಟ. ಉಳಿದ ಹತ್ತೂ ಬಟ್ಟಲು ಹಾಗೆಯೇ ಕೂತವು. ಬಂದ ಕೆಲಸ ಈಡೇರದೆ ಕಾಫಿ ಕುಡಿಯುವ ಹಾಗಿಲ್ಲ. ತಣ್ಣಗಾದ ಕಾಫಿಗಿಂತ ದೊಡ್ಡ ಅವಮಾನ ಆ ಊರಿನ ಯಜಮಾನನಿಗೆ ಇನ್ನೊಂದಿಲ್ಲ.

"ಅಬೂ ರಾಮಿ" ಎಂದು ಹಾಜಿ ಮಿತ್ಕಾಲ್ ಗಂಟಲು ಸರಿಮಾಡಿಕೊಂಡ. "ನಿಮ್ಮ ತಾತನ ಕಾಲದಿಂದ ನಮ್ಮ ನಿಮ್ಮ ಗೋಡೆ ಒಂದೇ. ನಿಮ್ಮಲ್ಲಿ ಒಂದು ಕೇಳ್ಕೊಳ್ಳೋಕೆ ಬಂದಿದ್ದೀವಿ..."

ಇಲ್ಲಿ ಬಾಯಿ ಮುಚ್ಚಿಕೊಂಡು ಕೇಳುವವನು ಬುದ್ಧಿವಂತ. ಆದರೆ ಕೇಳುವ ಮೊದಲೇ ಕೊಡುವವನು ದೊಡ್ಡ ಮನುಷ್ಯ. ಫಾಯಿಕ್ ಜೀವಮಾನದಲ್ಲಿ ಒಂದು ಸಲವಾದರೂ ದೊಡ್ಡ ಮನುಷ್ಯನಾಗಬೇಕೆಂದಿದ್ದ. ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟ.

"ಹಾಜಿ, ನೀವು ಬಾಯಿ ಬಿಟ್ಟು ಕೇಳೋದೇ ಬೇಡ! ಬಂದ ಕೆಲಸ ಆಯ್ತು ಅಂತ್ಲೇ ತಿಳ್ಕೊಳ್ಳಿ. ನನ್ನ ತಲೆ ಮೇಲೆ, ನನ್ನ ಕಣ್ಣ ಮೇಲೆ. ಕಾಫಿ ಕುಡೀರಿ!"

"ಏನು ಅಂತ ಕೇಳ್ರೀ ಮೊದ್ಲು" ಎಂದು ಪರದೆಯ ಹಿಂದಿನಿಂದ ಇಬ್ತಿಸಾಮಳ ಪಿಸುದನಿ ಬಂತು. ಹನ್ನೊಂದು ಬಟ್ಟಲುಗಳು ಒಟ್ಟಿಗೆ ಸುರ್ರೆಂದ ಸದ್ದಿನಲ್ಲಿ ಅದು ಮುಳುಗಿಹೋಯಿತು.

"ಹಾಗಾದ್ರೆ ಇನ್ನು ಜಾಗ ಒಂದೇ ಬಾಕಿ" ಎಂದ ಹಾಜಿ ಮಿತ್ಕಾಲ್ ಮೀಸೆ ಒರೆಸಿಕೊಳ್ಳುತ್ತ. "ನಿಮ್ಮ ಬಾಗ್ಲಿಂದ ನಾಲ್ಕು ಹೆಜ್ಜೆ ಕೆಳಗೆ ಸರಿಹೋಗುತ್ತೆ ಅಂತ ಸಾರ್ಜೆಂಟ್ ಹೇಳ್ತಾನೆ."

"ಏನು ಸರಿಹೋಗುತ್ತೆ?"

"ಹಂಪು."

"ಯಾವ ಹಂಪು?"

"ನೀನೇ ಹದಿಮೂರು ಅಂದ್ಯಲ್ಲ!" ಎಂದ ಅಬೂ ಸತ್ತಾಮ್. "ಶುಕ್ರವಾರ ಇಳಿಸೋದೆಲ್ಲ ಬೇಡ ಅಬೂ ರಾಮಿ. ನಮಗೆ ಅಷ್ಟು ದುಬಾರಿದು ಯಾಕೆ? ಏಳೂ ದಿನ ಎದ್ದು ನಿಂತಿರ್ಲಿ, ಸಾಕು."

ಫಾಯಿಕ್ ಕೂತ. ಅಬೂ ದೀಬ್ ಹತ್ತಿರ ಬಂದು ಅವನ ಭುಜಕ್ಕೆ ಮುತ್ತಿಟ್ಟ. ಗೀರಿನ ಸುದ್ದಿ ಆಗಲೂ ಎತ್ತಲಿಲ್ಲ.

ಕೊಟ್ಟ ಮಾತು ಕುಡಿದ ಕಾಫಿಯಂತೆ, ವಾಪಸು ಬರುವುದಿಲ್ಲ. ಮರುದಿನ ಫಾಯಿಕ್ ಕಚೇರಿಯಲ್ಲಿ ಎಂಜಿನಿಯರ್ ಸುಹೈರ್ ಮೇಡಂ ಎದುರು ನಿಂತ. ಅರ್ಜಿ ತಿರಸ್ಕಾರವಾಗಲೆಂದು ಒಳಗೊಳಗೇ ಹರಕೆ ಹೊತ್ತಿದ್ದ.

"ಮೇಡಂ, ನಮ್ಮ ಬೀದಿಯವರು ಹಂಪು ಕೇಳ್ತಿದ್ದಾರೆ. ಆಗಲ್ಲ ಅಲ್ವಾ?"

"ಯಾಕಾಗಲ್ಲ? ಇದು ನಾಲ್ಕು ವರ್ಷದ ಹಿಂದೆಯೇ ಮಂಜೂರಾಗಿದೆ. ಫೈಲ್ ಎಲ್ಲಿದೆ ಅಂತ ನಾನೇ ಹುಡುಕ್ತಿದ್ದೆ."

ಫೈಲು ಫಾಯಿಕನ ಮೇಜಿನ ಮೇಲೇ ಇತ್ತು. ನಾಲ್ಕು ವರ್ಷಗಳಿಂದ ಅವನು ಚಹಾದ ಲೋಟ ಇಡುತ್ತಿದ್ದುದೇ ಅದರ ಮೇಲೆ. ಮಂಜೂರಾತಿಯ ಮೊಹರಿನ ಸುತ್ತ ಲೋಟದ ಉಂಗುರಗಳು ಚೆನ್ನಾಗಿ ಮೂಡಿದ್ದವು.

"ನಿಯಮದ ಪ್ರಕಾರ ಎಂಟು ಸೆಂಟಿಮೀಟರ್" ಎಂದು ಮೇಡಂ ಸಹಿ ಹಾಕಿದರು. "ಬುಧವಾರ ಕಂಟ್ರಾಕ್ಟರನ ಜನ ಬರ್ತಾರೆ. ನಿಮ್ಮ ಬೀದಿ ಬಗ್ಗೆ ನಿಮಗೆ ಎಷ್ಟು ಕಾಳಜಿ!"

ಎಂಟು! ಫಾಯಿಕನಿಗೆ ಜೀವ ಬಂತು. ಹದಿಮೂರರಲ್ಲಿ ಎಂಟು ಕಳೆದರೆ ಐದು ಉಳಿಯುತ್ತದೆ. ಅತ್ತೆಯೂ ದಾಟುತ್ತಾರೆ, ಕಾರೂ ಉಳಿಯುತ್ತದೆ.

ಬುಧವಾರ ಅವನು ಕಚೇರಿಯಲ್ಲಿದ್ದಾಗ ಡಾಂಬರಿನವರು ಬಂದರು. ಅವರ ಕೈಯಲ್ಲಿ ಎಂಟು ಎಂಬ ಕಾಗದವಿತ್ತು. ಆದರೆ ಹಾಜಿ ಮಿತ್ಕಾಲನ ಮನೆಯಿಂದ ಚಹಾ ಬಂತು, ಅಬೂ ದೀಬನ ಅಂಗಡಿಯಿಂದ ಬಿಸ್ಕತ್ತು ಬಂತು. ಅಬೂ ಸತ್ತಾಮ್ ಅಟೆನ್ಷನ್ನಿನಲ್ಲಿ ನಿಂತು, "ನಮಗೆ ಹದಿಮೂರು ಅಂತ ಅಬೂ ರಾಮಿಯವರ ಮಾತಾಗಿದೆ. ಅವರು ರಸ್ತೆ ವಿಭಾಗದವರೇ. ಸ್ವತಃ ಮಲಗಿ ಅಳೆದಿದ್ದಾರೆ" ಎಂದ. ಉಪಚಾರ ಉಂಡ ಮೇಸ್ತ್ರಿ ಹದಿಮೂರು ಹಾಕಿದ. ಮೇಲೆ ಪ್ರೀತಿಗೆ ಎರಡು ಸೇರಿಸಿದ.

ಸಂಜೆ ಮನೆಗೆ ಬರುವಾಗ ಫಾಯಿಕ್ ಕಾರನ್ನು ಬೀದಿಯ ಕೆಳಗಿನ ತುದಿಯಿಂದ ತರುವ ಅಭ್ಯಾಸದವನು. ಆ ದಿನ ಮಾತ್ರ ರೊಟ್ಟಿ ತರಲು ಹೋಗಿದ್ದರಿಂದ ಮೇಲಿನ ದಾರಿಯಲ್ಲಿ ಬಂದು ಬಾಗಿಲಲ್ಲಿ ನಿಲ್ಲಿಸಿದ. ಆಮೇಲೆ ಎದುರಿಗೆ ಒಂದು ಕಪ್ಪು ಒಂಟೆ ಮಲಗಿರುವುದನ್ನು ಕಂಡ. ತಾನೇ ತೋಡಿದ ಹಳ್ಳಕ್ಕೆ ಬಿದ್ದವರ ಕತೆ ಬೇಕಾದಷ್ಟಿದೆ. ತಾನೇ ಎಬ್ಬಿಸಿದ ದಿಬ್ಬಕ್ಕೆ ಸಿಕ್ಕಿದವನು ಇವನೊಬ್ಬ.

ಮರುದಿನವೇ ತಿಂಗಳ ಕೊನೆಯ ಗುರುವಾರ. ಮೂರೂವರೆಗೆ ಹಾಜ್ಜಾ ಫಿದ್ದಾ ಮುಂದಿನ ಸೀಟಿನಲ್ಲಿ ಎರಡು ದಿಂಬುಗಳ ನಡುವೆ ಕೂತರು. ಹಿಂದೆ ಇಬ್ತಿಸಾಮ್, ಕೈಯಲ್ಲಿ ಪೆನ್ಸಿಲು. ಫಾಯಿಕ್ ನಾಲ್ಕೂ ತಿರುಪುಗಳನ್ನು ಕೊನೆಯ ಟಿಕ್‌ವರೆಗೆ ಎಡಕ್ಕೆ ತಿರುಗಿಸಿದ್ದ. ಬೀದಿಯೆಲ್ಲ ಹೊರಗೆ ನಿಂತಿತ್ತು. ಅದರ ಹಂಪಿನ ಮೇಲೆ ಮೊದಲ ಕಾರು, ಅದೂ ಹಂಪು ಕೊಡಿಸಿದವನದು.

"ಓರೆಯಾಗಿ ಹತ್ಸು, ಅಬೂ ರಾಮಿ!"

"ಓರೆ ಬೇಡ, ನೇರ!"

"ಉಸಿರು ಹಿಡ್ಕೊ!"

"ಉಸಿರು ಹಿಡ್ಕೊಂಡ್ರೆ ಕಾರು ಹಗುರಾಗುತ್ತಾ, ಕತ್ತೆ?"

ಮುಂದಿನ ಚಕ್ರಗಳು ನವಿರಾಗಿ ಏರಿದವು, ನವಿರಾಗಿ ಇಳಿದವು. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಫಾಯಿಕ್ ನಕ್ಕ. ಆಗ ಕಾರಿನ ಹೊಟ್ಟೆ ಹಂಪಿನ ಬೆನ್ನ ಮೇಲೆ ಮೆಲ್ಲಗೆ ಕೂತು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತಿತು.

ಫಾಯಿಕ್ ಇಳಿದ, ಇಬ್ತಿಸಾಮ್ ಇಳಿದಳು. ಹಾಜ್ಜಾ ಇಳಿಯಲಿಲ್ಲ. "ಕೂತ್ಮೇಲೆ ಎದ್ದು ಕೂತು ಮಾಡ್ಬೇಡಿ ಅಂತ ಡಾಕ್ಟ್ರು ಹೇಳಿದ್ದಾರೆ" ಎಂದು ದಿಂಬು ಸರಿಮಾಡಿಕೊಂಡರು. "ಎಳೆದ್ರೆ ಜರ್ಕ್ ಹೊಡೀತದೆ. ಎಳೀಕೂಡದು."

ಇಬ್ತಿಸಾಮ್ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು, ಪೆನ್ಸಿಲಿನ ತುದಿ ನೋಡಿದಳು.

ಹಾಜಿ ಮಿತ್ಕಾಲ್ ನಿಲುವಂಗಿಯನ್ನು ಕಳಚಿ ಅಬೂ ದೀಬನ ಸೌತೆಕಾಯಿ ರಾಶಿಯ ಮೇಲೆ ಹಾಕಿದ. "ಈ ಮನುಷ್ಯ ನಾವು ಕೇಳೋ ಮೊದ್ಲೇ ಕೊಟ್ಟೋನು" ಎಂದ. "ಬನ್ರೋ!"

ಹನ್ನೊಂದು ಜನ ಕಾರಿನ ಸುತ್ತ ಬಗ್ಗಿದರು. ಅಬೂ ಸತ್ತಾಮ್ ಎಡಗಡೆಯ ಹಿಂಭಾಗ ಹಿಡಿದು ಲೆಕ್ಕ ಹೇಳಿದ: "ಒಂದು, ಎರಡು, ಯಾ ಅಲ್ಲಾಹ್!" ಕಾರು ಮೇಲೆದ್ದಿತು, ಅತ್ತೆಯ ಸಮೇತ. ಮದುವಣಗಿತ್ತಿಯ ಮೇನೆಯಂತೆ ಗಾಳಿಯಲ್ಲಿ ಒಂದು ಸಲ ಮೆಲ್ಲಗೆ ತೂಗಿತು.

ಆಗ ಕಿಟಕಿಯ ಗಾಜು ಇಳಿಯಿತು.

"ಹಾಜಿ ಮಿತ್ಕಾಲ್" ಎಂದರು ಹಾಜ್ಜಾ ಫಿದ್ದಾ. "ಮೇಲ್ಗಡೆ ದಾರಿ ಮುಚ್ಚಿದ್ದಾರಾ?"

ಹನ್ನೊಂದು ಜನವೂ ಏದುಸಿರು ಬಿಡುತ್ತ ಅತ್ತ ಕತ್ತು ಹೊರಳಿಸಿದರು. ಮೇಲಿನ ದಾರಿ ತೆರೆದೇ ಇತ್ತು. ನಿನ್ನೆ ಸಂಜೆ ಫಾಯಿಕ್ ಬಂದದ್ದೂ ಅದರಲ್ಲೇ.

"ಇಲ್ಲ ಹಾಜ್ಜಾ, ತೆರೆದೇ ಇದೆ" ಎಂದ ಹಾಜಿ ಮಿತ್ಕಾಲ್, ಕತ್ತಿನ ನರ ಉಬ್ಬಿಸಿಕೊಂಡು. "ಆದ್ರೆ ಸುತ್ತು ಆಗುತ್ತೆ."

"ಹೌದಾ. ಹಾಗಾದ್ರೆ ನಡೀರಿ."

ಕಾರು ಹಂಪಿನಾಚೆ ಇಳಿಯಿತು, ಮೊಟ್ಟೆ ಇಟ್ಟಷ್ಟು ಮೆತ್ತಗೆ. ಗಂಡ ಹೆಂಡತಿ ಮತ್ತೆ ಹತ್ತಿದರು, ಫಾಯಿಕ್ ಗೇರು ಹಾಕಿದ. ಹಗೋಪ್ ಹೇಳಿದ್ದು ಸುಳ್ಳಾಗಿರಲಿಲ್ಲ. ಅತ್ತೆಗೆಂದು ಆರಿಸಿದ ಸ್ಪ್ರಿಂಗು ಅತ್ತೆಯ ಮಾತು ಕೇಳುತ್ತಿತ್ತು. ಆಸ್ಪತ್ರೆಯವರೆಗೂ ಪೆನ್ಸಿಲು ಅಲುಗಲಿಲ್ಲ, ಬರುವಾಗಲೂ ಅಲುಗಲಿಲ್ಲ. ವಾಪಸು ಬರುವಾಗ ಫಾಯಿಕ್ ಜಾಣನಾಗಿ ಮೇಲಿನ ದಾರಿಗೆ ತಿರುಗಿಸಲು ಹೊರಟ.

"ಎಲ್ಲಿಗೆ?" ಎಂದರು ಅತ್ತೆ. "ಅವರೆಲ್ಲ ಕಾಯ್ತಾ ಇರ್ತಾರೆ ಪಾಪ."

ಕಾಯುತ್ತಲೇ ಇದ್ದರು. ಹಂಪಿನ ಮೇಲೆ ಸಾಲಾಗಿ ಕೂತು ಕಲ್ಲಂಗಡಿ ತಿನ್ನುತ್ತಿದ್ದವರು ಕಾರು ಕಂಡೊಡನೆ ಎದ್ದು ಕೈ ಒರೆಸಿಕೊಂಡರು. ಎತ್ತಿದರು, ದಾಟಿಸಿದರು, ಬಾಗಿಲ ಮುಂದೆ ಇಳಿಸಿದರು. ಎಲ್ಲರ ಕಣ್ಣೂ ಇಬ್ತಿಸಾಮಳ ಮೇಲೆ. ಫಾಯಿಕ್ ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದ, ಯಾರೋ ಈಗಲೇ ಅದನ್ನು ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ.

"ಸೊನ್ನೆ" ಎಂದಳು ಇಬ್ತಿಸಾಮ್. ಗಣಿತದವಳು ಸುಳ್ಳು ಹೇಳುವಂತಿರಲಿಲ್ಲ. ಆದರೂ ತಾಯಿಯ ಕಡೆಗೆ ಬಗ್ಗಿದಳು. "ನಿಜ ಹೇಳಮ್ಮ, ನೋವಾಗ್ಲಿಲ್ವಾ? ಇಟ್ಕೊಳ್ಳೋದಾ, ಮಾರೋದಾ?"

ಹಾಜ್ಜಾ ಫಿದ್ದಾ ಅಳಿಯನ ತೋಳು ಹಿಡಿದು ನಿಧಾನವಾಗಿ ಇಳಿದರು. ಬೆವರಿ ಕೆಂಪಾಗಿ ನಿಂತಿದ್ದ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು.

"ಇಟ್ಕೊಳ್ರಿ" ಎಂದರು. "ಸೋಮವಾರ ಮೂರೂವರೆಗೆ ಎಲ್ರೂ ಬನ್ನಿ. ಆದ್ರೆ ಅಬೂ ಸತ್ತಾಮ್ ಹಿಂದ್ಗಡೆ ಎಡಕ್ಕೆ ಬೇಡ, ಆ ಮೂಲೆ ವಾಲುತ್ತೆ."